ಯೋಮ್ ಕಿಪ್ಪೂರ್: ಸಕ್ಕರೆ ಕಾಯಿಲೆ ಇರುವ ಅಜ್ಜಿ ಉಪವಾಸ ಮಾಡಬಹುದಾ?

ಪ್ರಶ್ನೆ: ನಾನು ಮಂಗಳೂರಿನವಳು. ಇಸ್ರೇಲಿನ ಹೈಫಾದಲ್ಲಿ 84 ವರ್ಷದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ಅವರು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಆದರೂ ಯೆಹೂದಿಗಳ ಪ್ರಾಯಶ್ಚಿತ್ತದ ಉಪವಾಸವಾದ ಯೋಮ್ ಕಿಪ್ಪೂರ್ ದಿನ ನೀರೂ ಮುಟ್ಟಲ್ಲ ಅಂತ ಹಟ ಹಿಡಿದಿದ್ದಾರೆ. ತಿನ್ನಿ ಅಂದರೆ ಅವರ ಧರ್ಮಕ್ಕೆ ಅಡ್ಡ ಬಂದ ಹಾಗಾಗುತ್ತಾ?

ಉತ್ತರ: ಖಂಡಿತ ಇಲ್ಲ. ಯೆಹೂದಿ ಧರ್ಮದಲ್ಲಿ ಜೀವ ಉಳಿಸುವುದು ಉಪವಾಸಕ್ಕಿಂತ ದೊಡ್ಡದು. ಜೀವಕ್ಕೆ ಅಪಾಯ ಇರುವವರು ಆ ದಿನ ತಿನ್ನಲೇಬೇಕು. ಅವರ ಪಾಲಿಗೆ ಅದೇ ಆಚರಣೆ.

ಆದರೆ ನೀವು ಹೇಳಿದರೆ ಅಜ್ಜಿ ಕೇಳಲಿಕ್ಕಿಲ್ಲ. ಹೆಣ್ಣುಮಕ್ಕಳಿಗೆ 12ನೇ ವಯಸ್ಸಿಗೇ ಈ ಉಪವಾಸ ಶುರು. ಅಂದರೆ ಅವರದು 72 ವರ್ಷದ ರೂಢಿ. ಸುಮ್ನೆ ಬಿಡೋಕೆ ಮನಸ್ಸು ಬರುತ್ತಾ? ಹಾಗಾಗಿ ಒಂದೆರಡು ವಾರ ಮೊದಲೇ ಡಾಕ್ಟರಿಗೆ ತೋರಿಸಿ. ಅವರು ಹೇಳಿದ್ದನ್ನು ಅಜ್ಜಿಯ ಮಕ್ಕಳ ಮೂಲಕ ರಬ್ಬಿಗೆ, ಅಂದರೆ ಯೆಹೂದಿ ಧರ್ಮಗುರುವಿಗೆ, ಮುಟ್ಟಿಸಿ. ‘ತಿನ್ನಿ’ ಅನ್ನುವ ಮಾತು ರಬ್ಬಿ ಬಾಯಿಂದಲೇ ಬರಲಿ. ಇನ್ಸುಲಿನ್ ಪ್ರಮಾಣವನ್ನು ಮಾತ್ರ ನೀವಾಗಿ ಬದಲಾಯಿಸಬೇಡಿ.

ಕೆಲವರಿಗೆ ರಬ್ಬಿಗಳು ಅಳತೆಯ ದಾರಿ ಹೇಳುತ್ತಾರೆ. ಒಂದು ಸಲಕ್ಕೆ 30 ಮಿಲಿಲೀಟರ್‌ಗಿಂತ ಕಡಿಮೆ ಆಹಾರ, ಸುಮಾರು 9 ನಿಮಿಷ ಬಿಟ್ಟು ಮತ್ತೆ ಅಷ್ಟೇ. ನೀರೂ ಗುಟುಕು ಗುಟುಕಾಗಿ. ಸಿರಪ್ ಬಾಟಲಿಯ ಪುಟ್ಟ ಲೋಟದಲ್ಲಿ ಅಳೆದು, ಗಡಿಯಾರ ಎದುರಿಗಿಟ್ಟು ಕೊಡಬಹುದು. ಅಜ್ಜಿಗೂ ಉಪವಾಸ ಪೂರ್ತಿ ಕೈಬಿಟ್ಟೆ ಅನ್ನಿಸುವುದಿಲ್ಲ. ಆದರೆ ಮೈ ಬೆವರಿ, ಕೈ ನಡುಗಿ, ಮಾತು ತೊದಲಿದರೆ ಅಳತೆ ಗಡಿಯಾರ ಏನೂ ನೋಡಬೇಡಿ. ನುಂಗುವ ಸ್ಥಿತಿಯಲ್ಲಿದ್ದರೆ ತಕ್ಷಣ ಸಕ್ಕರೆ ನೀರು ಕುಡಿಸಿ, ಆಂಬುಲೆನ್ಸ್ ನಂಬರ್ 101ಕ್ಕೆ ಫೋನ್ ಮಾಡಿ. ಆ ದಿನ ಬಸ್ಸು, ಅಂಗಡಿ, ವಿಮಾನ ಎಲ್ಲ ಬಂದ್. ಆಂಬುಲೆನ್ಸ್ ಓಡುತ್ತದೆ. ಔಷಧಿ ಮಾತ್ರ ಮೊದಲೇ ತಂದಿಡಿ.

2026ರಲ್ಲಿ ಯೋಮ್ ಕಿಪ್ಪೂರ್ ಸೆಪ್ಟೆಂಬರ್ 20ರ ಸೂರ್ಯಾಸ್ತಕ್ಕೆ ಶುರುವಾಗಿ 21ರಂದು ಕತ್ತಲಾದ ಮೇಲೆ ಮುಗಿಯುತ್ತದೆ, ಸುಮಾರು 25 ಗಂಟೆ. ಸ್ನಾನ ಇಲ್ಲ, ಚರ್ಮದ ಚಪ್ಪಲಿ ಇಲ್ಲ. ಅಜ್ಜಿಗೆ ಜಾರದಂಥ ಬಟ್ಟೆಯ ಶೂ ಇಟ್ಟಿರಿ. ನೀವು ಉಪವಾಸ ಇರಬೇಕಾಗಿಲ್ಲ, ರಾತ್ರಿಯೆಲ್ಲ ಎಚ್ಚರ ಇರಬೇಕಾದವರು ಹೊಟ್ಟೆ ತುಂಬ ಉಣ್ಣಿ.

ಇನ್ನೊಂದು ಮಾತು. ಮನುಷ್ಯರಿಗೆ ಮಾಡಿದ ತಪ್ಪನ್ನು ಈ ದಿನವೂ ತೊಳೆಯುವುದಿಲ್ಲ, ಅವರನ್ನೇ ಸಮಾಧಾನ ಮಾಡಬೇಕು ಅಂತ ಯೆಹೂದಿಗಳ ಹಳೆಯ ಧರ್ಮಗ್ರಂಥ ಮಿಶ್ನಾ ಹೇಳುತ್ತದೆ. ಅದಕ್ಕೇ ಹಬ್ಬದ ಮುಂಚೆ ಜನ ಒಬ್ಬರಿಗೊಬ್ಬರು ಕ್ಷಮೆ ಕೇಳುತ್ತಾರೆ. ಅಜ್ಜಿ ನಿಮ್ಮ ಕೈ ಹಿಡಿದು, ವರ್ಷವಿಡೀ ರೇಗಿದ್ದಕ್ಕೆ ಕ್ಷಮಿಸು ಅನ್ನಬಹುದು. ‘ಅಯ್ಯೋ, ಏನೂ ಇಲ್ಲ ಬಿಡಿ’ ಅಂತ ತಳ್ಳಿಹಾಕಬೇಡಿ. ‘ಕ್ಷಮಿಸಿದ್ದೇನೆ ಅಜ್ಜಿ’ ಅನ್ನಿ. ಅವರಿಗೆ ಬೇಕಾಗಿರುವುದು ಆ ಮಾತು.