16 ಅಡಿ ದೋಣಿಗೆ ಗ್ಯಾಫ್ ಹಾಯಿ ಹಾಕಬಹುದಾ?

ನಮಸ್ಕಾರ ಸರ್. ನಾರಿಚ್‌ನಲ್ಲಿ ಮನೆ, ಸೆಕೆಂಡ್ ಹ್ಯಾಂಡ್ 16 ಅಡಿ ಮರದ ದೋಣಿ ಸಿಕ್ಕಿದೆ, ಆದರೆ ಕಂಬವೂ ಇಲ್ಲ ಹಾಯಿಯೂ ಇಲ್ಲ, ಟ್ರೇಲರ್ ಮೇಲೆ ಹಿತ್ತಲಲ್ಲಿ ನಿಲ್ಲಿಸಿ ರಜೆ ದಿನ ಮನೆಯವರು, ಮಗನ ಜೊತೆ ನಾರ್ಫಕ್ ಬ್ರಾಡ್ಸ್‌ಗೆ (ಇಂಗ್ಲೆಂಡಿನ ಆ ಕಡೆಯ ನದಿ, ಕೆರೆಗಳ ಜಾಲ) ಇಳಿಸಬೇಕು ಅಂತ ಬರೆದಿದ್ದೀರಿ. ಅದಕ್ಕೆ ಮೇಲೆ ಒಬ್ಬರು "ಗ್ಯಾಫ್ ಎಲ್ಲ ಮ್ಯೂಸಿಯಂ ಸಾಮಾನು, ಬರ್ಮುಡಾ ಹಾಕಿ ಮುಗಿಸಿ" ಅಂದಿದ್ದಾರೆ. ರೇಸ್ ಓಡಿಸೋರಿಗೆ ಆ ಮಾತು ಸರಿ. ನಿಮಗೆ ಅಲ್ಲ ಅನ್ನೋದು ನನ್ನ ಅಭಿಪ್ರಾಯ.

ಓದುತ್ತಿರುವ ಹೊಸಬರಿಗೆ: ಬರ್ಮುಡಾ ಅಂದರೆ ಈಗ ಎಲ್ಲೆಲ್ಲೂ ಕಾಣುವ ಮೂರು ಮೂಲೆಯ ಎತ್ತರದ ಹಾಯಿ. ಗ್ಯಾಫ್ ಹಾಯಿಗೆ ನಾಲ್ಕು ಮೂಲೆ, ಅದರ ಮೇಲಂಚನ್ನು ಓರೆಯಾಗಿ ಎತ್ತಿ ಹಿಡಿಯುವ ಗಳವೇ ಗ್ಯಾಫ್.

ನಿಮ್ಮ ವಿಷಯದಲ್ಲಿ ಮೊದಲು ನೋಡಬೇಕಾದ್ದು ವೇಗವಲ್ಲ, ಕಂಬದ ಉದ್ದ. ಕಾಗದದ ಮೇಲೆ ಒಂದು ಲೆಕ್ಕ ಹಾಕಿ. ಕೆಳಗಂಚು 10 ಅಡಿ, ಕಂಬದ ಪಕ್ಕದ ಅಂಚು 8 ಅಡಿ, ಗ್ಯಾಫ್ 8 ಅಡಿ, ಅದು ಕಂಬದಿಂದ ಸುಮಾರು 35 ಡಿಗ್ರಿ ಓರೆ. ಹೀಗಿದ್ದರೆ ಹೆಚ್ಚೂಕಡಿಮೆ 90 ಚದರ ಅಡಿ ಹಾಯಿ ಸಿಗುತ್ತೆ, ಕಂಬ 14-15 ಅಡಿ ಇದ್ದರೆ ಸಾಕು. ಅದೇ 90 ಚದರ ಅಡಿಯನ್ನು ಅದೇ 10 ಅಡಿ ಕೆಳಗಂಚಿನ ತ್ರಿಕೋನದಲ್ಲಿ ತರಬೇಕು ಅಂದರೆ ಕಂಬದ ಪಕ್ಕದ ಅಂಚೇ 18 ಅಡಿ ಆಗುತ್ತೆ, ಕಂಬ 21 ಅಡಿ ಹತ್ತಿರ ಹೋಗುತ್ತೆ. ಮೊದಲನೆಯದು ದೋಣಿಯೊಳಗೇ ಮಲಗುತ್ತೆ. ಎರಡನೆಯದು ಟ್ರೇಲರ್ ಹಿಂದೆ ಐದಡಿ ಚಾಚಿಕೊಂಡು, ಕೆಂಪು ಬಟ್ಟೆ ಕಟ್ಟಿಸಿಕೊಂಡು ಬರುತ್ತೆ.

ಇನ್ನು ಸೇತುವೆಗಳು. ಬ್ರಾಡ್ಸ್‌ನ ರಾಕ್ಸಂ, ಪಾಟರ್ ಹೈಯಮ್ ಊರುಗಳ ಸೇತುವೆ ಎರಡರ ಅಡಿಯಲ್ಲೂ ಕಂಬ ನಿಲ್ಲಿಸಿಕೊಂಡು ಹೋಗೋಕೆ ಆಗಲ್ಲ. ಗ್ಯಾಫ್ ಆದರೂ ಇಳಿಸಲೇಬೇಕು. ಆದರೆ 14 ಅಡಿ ಕಂಬವನ್ನು ಡೆಕ್ ಮೇಲಿನ ಕೀಲಿನಲ್ಲಿ ಒಬ್ಬರೇ ಮಲಗಿಸಿ ಎತ್ತಬಹುದು. 21 ಅಡಿಯದು ಅಲ್ಯೂಮಿನಿಯಮ್ ಆಗಿ ಹಗುರವಿದ್ದರೂ ತುದಿ ದೂರ ಇರೋದರಿಂದ ಅಡ್ಡಗಾಳಿಗೆ ತೂಗಾಡುತ್ತೆ, ಕೆಳಗೆ ಮಗು ಕೂತಿರುತ್ತೆ.

ಅದೇ ನೀರಿನಲ್ಲಿ ಸರಕು ಸಾಗಿಸುತ್ತಿದ್ದ ವೆರಿ ದೋಣಿಗಳನ್ನು ನೋಡಿ. 1898ರಲ್ಲಿ ಕಟ್ಟಿದ ಆಲ್ಬಿಯನ್ ಇವತ್ತಿಗೂ ಬ್ರಾಡ್ಸ್‌ನಲ್ಲಿ ಓಡಾಡುತ್ತೆ. ಕಂಬ ದೋಣಿಯ ಮೂತಿ ಹತ್ತಿರ, ಬುಡದಲ್ಲಿ ಸೀಸದ ತೂಕ, ಹಾಗಾಗಿ ಇಳಿಸಿ ಎತ್ತೋದು ಸಲೀಸು. ಒಂದೇ ಒಂದು ಕಪ್ಪು ಗ್ಯಾಫ್ ಹಾಯಿ, ಕೆಳಗಂಚನ್ನು ಹಿಡಿಯುವ ಬೂಮ್ ಅನ್ನೋ ಗಳ ಇಲ್ಲ. ಅಷ್ಟು ದೊಡ್ಡ ಹಾಯಿಯನ್ನು ವಿಂಚ್ ತಿರುಗಿಸಿ ಒಂದೇ ಹಗ್ಗದಲ್ಲಿ ಏರಿಸುತ್ತಾರೆ. ಸೇತುವೆ, ಮರ, ಕಿರಿದಾದ ನದಿ, ಕೆಲಸಕ್ಕೆ ಒಬ್ಬಿಬ್ಬರೇ ಜನ, ಇವಿಷ್ಟನ್ನೂ ಲೆಕ್ಕಕ್ಕೆ ತಗೊಂಡು ಅಲ್ಲಿನವರು ಮುಟ್ಟಿದ ತೀರ್ಮಾನ ಅದು. (ನಮ್ಮ ಕರಾವಳಿಯ ಪತ್ತೆಮಾರಿಗಳಲ್ಲೂ ಮುಂದಕ್ಕೆ ಬಾಗಿದ ಕಂಬ, ಅದಕ್ಕೆ ಉದ್ದನೆಯ ಓರೆ ಗಳ. ಜಾತಿ ಬೇರೆ, ಅದು ಇನ್ನೊಂದು ದಿನದ ಮಾತು.)

ಗ್ಯಾಫ್‌ನ ನಿಜವಾದ ಕೊರತೆ ಗಾಳಿಗೆ ಎದುರಾಗಿ ಹೋಗುವಾಗ ಗೊತ್ತಾಗುತ್ತೆ. ಒಳ್ಳೆಯ ಬರ್ಮುಡಾ ಗಾಳಿಯ ದಿಕ್ಕಿಗೆ 45 ಡಿಗ್ರಿಯಲ್ಲಿ ಹೋದರೆ ಸಣ್ಣ ಗ್ಯಾಫ್ ದೋಣಿ 50-55 ಅಂತ ಇಟ್ಟುಕೊಳ್ಳಿ. ಗಳದ ತುದಿ ಗಾಳಿಯ ಒತ್ತಡಕ್ಕೆ ಆಚೆ ವಾಲಿ ಹಾಯಿಯ ಮೇಲ್ಭಾಗ ತಿರುಚಿಕೊಳ್ಳೋದು ಇದಕ್ಕೆ ಮುಖ್ಯ ಕಾರಣ. ಕಿರಿದಾದ ನದಿಯಲ್ಲಿ ಇತ್ತಿಂದತ್ತ ತಿರುಗಿಸುತ್ತಾ ಹೋಗುವಾಗ ಇದು ಸ್ವಲ್ಪ ಕಾಡುತ್ತೆ. ಪರಿಹಾರವೂ ಇದೆ: ಗಳವನ್ನು ಆದಷ್ಟು ನೆಟ್ಟಗೆ ಏರುವಂತೆ ಮಾಡಿಸಿ. ರಾಕ್ಸಂನಿಂದ ಹಾರ್ನಿಂಗ್ ಕಡೆ ಬ್ಯೂರ್ ನದಿಯ ದಡದ ತುಂಬ ಮರ, ಗಾಳಿ ಮೇಲೆ ಮಾತ್ರ ಆಡುತ್ತೆ. ತುದಿ ಎತ್ತರಕ್ಕೆ ಹೋದಷ್ಟೂ ಒಳ್ಳೆಯದು.

ಹಾಗಾದರೆ ಗಳವನ್ನು ಪೂರ್ತಿ ನೆಟ್ಟಗೆ ನಿಲ್ಲಿಸುವ ಗಂಟರ್ ಯಾಕಾಗಬಾರದು? ಆಗಬಹುದು. 1963ರಲ್ಲಿ ಬಂದ ಮಿರರ್ ಡಿಂಗಿ ಅನ್ನೋ ಸಣ್ಣ ದೋಣಿಯದು ಗಂಟರ್ ಹಾಯಿಯೇ, ಕಂಬ, ಗಳ ಎಲ್ಲ ದೋಣಿಯೊಳಗೇ ಹಿಡಿಸುತ್ತವೆ. ಎದುರುಗಾಳಿಗೂ ಚೆನ್ನಾಗಿ ಹೋಗುತ್ತೆ. ತೊಡಕು ಬರೋದು ಗಾಳಿ ಜೋರಾಗಿ ಹಾಯಿ ಕುಗ್ಗಿಸಬೇಕಾದಾಗ. ಗಳದಲ್ಲಿ ಹಗ್ಗ ಕಟ್ಟಿದ ಜಾಗ ಬದಲಿಸದಿದ್ದರೆ ಗಳ ಕಂಬಕ್ಕೆ ಸರಿಯಾಗಿ ಒರಗಲ್ಲ. ದಡಕ್ಕೆ ಹೋಗಿ ನಿಧಾನವಾಗಿ ಮಾಡುವ ಕೆಲಸ ಅದು. ಮಗು ಜೊತೆಗಿರುವವರಿಗೆ ನಾನು ಗ್ಯಾಫನ್ನೇ ಹೇಳ್ತೀನಿ.

ಯಾಕಂದರೆ ಗ್ಯಾಫ್‌ಗೆ ಎರಡು ಹಗ್ಗ: ಕಂಬದ ಪಕ್ಕದ ತುದಿಗೆ ಥ್ರೋಟ್ ಹಾಲ್ಯಾರ್ಡ್, ಹೊರತುದಿಗೆ ಪೀಕ್ ಹಾಲ್ಯಾರ್ಡ್. ಜನ ಇದನ್ನು ರಗಳೆ ಅಂತಾರೆ. ಆದರೆ ದಡ ಹತ್ತಿರ ಬಂದು ವೇಗ ಜಾಸ್ತಿ ಅನ್ನಿಸಿದರೆ ಪೀಕ್ ಸಡಿಲ ಬಿಡಿ. ಗಳ ಕೆಳಗೆ ಬಾಗುತ್ತೆ, ಹಾಯಿಯ ಶಕ್ತಿ ತಕ್ಷಣ ಇಳಿಯುತ್ತೆ. ಮತ್ತೆ ಬೇಕಾದರೆ ಎಳೆದುಕೊಳ್ಳಿ. ಬರ್ಮುಡಾದಲ್ಲಿ ಈ ಸೌಕರ್ಯ ಇಲ್ಲ. ಒಂದೇ ಷರತ್ತು, ಬೂಮನ್ನು ಮೇಲಿಂದ ಹಿಡಿದಿರುವ ಟಾಪಿಂಗ್ ಲಿಫ್ಟ್ ಹಗ್ಗ ಮೊದಲೇ ಬಿಗಿಯಾಗಿರಬೇಕು. ಇಲ್ಲದಿದ್ದರೆ ಬೂಮ್ ನೇರ ತಲೆ ಮೇಲೆ.

ಗ್ಯಾಫ್ ಓಡಲ್ಲ ಅನ್ನುವ ದೂರಿನಲ್ಲಿ ಅರ್ಧ ಪೀಕ್ ಸರಿಯಾಗಿ ಎಳೆಯದವರದ್ದು. ಎರಡೂ ಹಗ್ಗ ಒಟ್ಟಿಗೆ ಎಳೆದು ಏರಿಸಿ, ಮೊದಲು ಥ್ರೋಟ್ ಗಟ್ಟಿ ಮಾಡಿ ಕಟ್ಟಿ. ಆಮೇಲೆ ಪೀಕನ್ನು ಎಳೆಯುತ್ತಾ ಹೋಗಿ, ಮೇಲ್ತುದಿಯಿಂದ ಕಂಬದ ಬುಡದ ಮೂಲೆಗೆ ಸಣ್ಣ ಸುಕ್ಕೊಂದು ಕಾಣಬೇಕು. ಗಾಳಿ ತುಂಬಿದಾಗ ಅದು ತಾನೇ ಹೋಗುತ್ತೆ. ಸುಕ್ಕು ಥ್ರೋಟ್‌ನಿಂದ ಬೂಮ್‌ನ ಹಿಂತುದಿ ಕಡೆ ಬಂದರೆ ಪೀಕ್ ಸಡಿಲವಾಗಿದೆ ಅಂತ ಅರ್ಥ. ಹೊಸ ಹಗ್ಗ ಹಿಗ್ಗುತ್ತೆ, ಸ್ವಲ್ಪ ಹೊತ್ತು ಓಡಿಸಿ ಮತ್ತೊಮ್ಮೆ ಬಿಗಿ ಮಾಡಿ. ಹಿಗ್ಗದ ಪಾಲಿಯೆಸ್ಟರ್ ಹಗ್ಗಕ್ಕೆ ನಾಲ್ಕು ಕಾಸು ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಕಂಬವನ್ನು ಮನೆಯಲ್ಲೇ ಮಾಡಬಹುದು. ಗಂಟಿಲ್ಲದ ಡಗ್ಲಸ್ ಫರ್ ಮರ ತಗೊಂಡು ಚೌಕದಿಂದ ಎಂಟು ಪಟ್ಟಿ, ಹದಿನಾರು ಪಟ್ಟಿ, ಆಮೇಲೆ ಗುಂಡಗೆ. ಗ್ಯಾಫ್‌ನ ಕವೆ (ಕಂಬವನ್ನು ತಬ್ಬಿ ಹಿಡಿಯುವ ಅದರ ಕವಲು ತುದಿ) ಹತ್ತಿ ಇಳಿಯುವ ಭಾಗ ನುಣುಪಾಗಿರಲಿ, ಕವೆಯ ಒಳಮೈಗೆ ಚರ್ಮ ಹೊಡೆಯಿರಿ. ಕವೆಯ ಬಾಯಿಗೆ ಮರದ ಮಣಿ ಪೋಣಿಸಿದ ಹಗ್ಗವನ್ನು ಸ್ವಲ್ಪ ಸಡಿಲವಾಗಿ ಕಟ್ಟಿ. ಹಾಯಿಯನ್ನು ಕಂಬಕ್ಕೆ ಹಗ್ಗದಿಂದ ಹೆಣೆಯುವಾಗ ಸುತ್ತಿ ಸುತ್ತಿ ಹೋಗಬೇಡಿ. ಪ್ರತಿ ರಂಧ್ರದಿಂದ ಕಂಬದ ಮುಂದುಗಡೆಯಿಂದಲೇ ಹೋಗಿ ಮುಂದುಗಡೆಯಿಂದಲೇ ವಾಪಸ್ ಬನ್ನಿ. ಸುತ್ತಿದರೆ ಇಳಿಸುವಾಗ ಬಿಗಿದುಕೊಂಡು ಅರ್ಧದಲ್ಲೇ ನಿಲ್ಲುತ್ತೆ, ಅದೂ ಗಾಳಿ ಜೋರಿರುವಾಗಲೇ.

ದುಡ್ಡು ಹಾಕುವ ಮುಂಚೆ ಲಡಂ ಊರಿನ ಹಂಟರ್ಸ್ ಯಾರ್ಡ್‌ನಲ್ಲಿ ಎಂಜಿನ್ ಇಲ್ಲದ ಹಳೇ ಶೈಲಿಯ ಮರದ ದೋಣಿ ಒಂದು ದಿನಕ್ಕೆ ಬಾಡಿಗೆಗೆ ತಗೊಳ್ಳಿ. ಮನೆಯವರನ್ನೂ ಕರ್ಕೊಂಡು ಹೋಗಿ, ಹಗ್ಗ ಅವರ ಕೈಯಲ್ಲೂ ಎಳೆಸಿ.

ಒಂದು ಮುಖ್ಯ ವಿಷಯ ನೀವು ಬರೆದಿಲ್ಲ. ದೋಣಿಯ ನಡುವೆ ನೀರಿಗೆ ಇಳಿಸುವ ಸೆಂಟರ್‌ಬೋರ್ಡ್ ಮೂತಿಯಿಂದ ಎಷ್ಟು ದೂರದಲ್ಲಿದೆ? ಹಳೇ ಕಂಬ ಕೂರಿಸಿದ್ದ ಗುಳಿ ಎಲ್ಲಿದೆ? ಗ್ಯಾಫ್‌ಗೆ ಬೂಮ್ ಉದ್ದವಾದರೆ ಹಾಯಿಯ ಬಲ ಹಿಂದಕ್ಕೆ ಬರುತ್ತೆ, ಆಗ ದೋಣಿ ಸದಾ ಗಾಳಿ ಕಡೆ ತಿರುಗೋಕೆ ನೋಡುತ್ತೆ, ಚುಕ್ಕಾಣಿ ಹಿಡಿದ ಕೈ ಸೋಲುತ್ತೆ. ಮುಂದೆ ಒಂದು ಸಣ್ಣ ಜಿಬ್ ಹಾಯಿ ಹಾಕಿ ಸರಿದೂಗಿಸಬಹುದು, ಇಲ್ಲವೇ ಕಂಬವನ್ನೇ ಮುಂದಕ್ಕೆ ಸರಿಸಬೇಕಾಗುತ್ತೆ. ಆ ಎರಡು ಅಳತೆ, ಪಕ್ಕದಿಂದ ತೆಗೆದ ಒಂದು ಫೋಟೋ ಹಾಕಿ. ಅದು ನೋಡದೆ ಹಾಯಿ ಹೊಲಿಸೋಕೆ ಕೊಡಬೇಡಿ.