20 ತಿಂಗಳ ಮಗ, ಮನೆಯಲ್ಲಿ ಎರಡು ಭಾಷೆ

ಕಾರವಾರದಿಂದ ನ್ಯೂಜೆರ್ಸಿಗೆ ಬಂದು ಮನೆಯನ್ನು ಇನ್ನೂ ಹೊಂದಿಸಿಕೊಳ್ಳುತ್ತಿರುವಾಗಲೇ ಮಗನ ಮಾತಿನ ಚಿಂತೆ ನಿಮ್ಮನ್ನು ಕಾಡುತ್ತಿದೆ ಎಂದು ಬರೆದಿದ್ದೀರಿ. ಅವನಿಗೆ 20 ತಿಂಗಳು, ಆಡುವುದು ಆರೇಳು ಮಾತು. ನೀವು ಕೊಂಕಣಿಯಲ್ಲಿ, ಶಿರಸಿಯವರಾದ ನಿಮ್ಮ ಯಜಮಾನರು ಕನ್ನಡದಲ್ಲಿ ಮಾತನಾಡಿಸುವುದರಿಂದಲೇ ಹೀಗಾಗಿದೆ, ಇನ್ನು ಇಂಗ್ಲಿಷ್ ಒಂದೇ ಸಾಕು ಎಂದು ಪರಿಚಯದವರು ಹೇಳಿದ್ದಾರೆ. ಹಾಗೆ ಮಾಡಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಮಾಡಬೇಡಿ.

ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಮನೆಯೊಳಗೆ ಕೊಂಕಣಿ, ಅಂಗಳ ದಾಟಿದರೆ ಕನ್ನಡ ಎಂದು ಬೆಳೆದ ನಮ್ಮ ಕರಾವಳಿಯವರಿಗೆ ಇದು ಹೊಸದಲ್ಲ. ಆದರೆ ಪದಗಳನ್ನು ಎಣಿಸುವಾಗ ಎರಡೂ ಭಾಷೆಗಳನ್ನು ಕೂಡಿಸಿ ಎಣಿಸಬೇಕು. ಲೋಟ ಕಂಡಾಗಲೆಲ್ಲ ನೀರಿಗೆ ‘ನೀ’ ಎಂದರೆ ಅದೊಂದು ಪದ, ಅಮ್ಮನೊಡನೆ ಅದನ್ನೇ ಕೊಂಕಣಿಯಲ್ಲಿ ‘ಉದಾಕ’ ಎಂದರೆ ಅದು ಇನ್ನೊಂದು, ನಾಯಿ ಕಂಡು ‘ಬೌ ಬೌ’ ಎಂದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆಯಾದ ಸಿಡಿಸಿ 2022ರಲ್ಲಿ ಪರಿಷ್ಕರಿಸಿದ ಪಟ್ಟಿಯ ಪ್ರಕಾರ 18 ತಿಂಗಳಿಗೆ ಅಪ್ಪ ಅಮ್ಮನನ್ನು ಕರೆಯುವುದನ್ನು ಬಿಟ್ಟು ಕನಿಷ್ಠ ಮೂರು ಪದ, 24 ತಿಂಗಳಿಗೆ ‘ಹಾಲು ಬೇಕು’ ಎಂಬಂತೆ ಎರಡು ಪದಗಳ ಜೋಡಣೆ, 30 ತಿಂಗಳಿಗೆ ಸುಮಾರು 50 ಪದ ಬರಬೇಕು. ಇವು ನೂರರಲ್ಲಿ 75 ಮಕ್ಕಳಾದರೂ ಆ ವಯಸ್ಸಿಗೆ ಮುಟ್ಟುವ ಹಂತಗಳು.

ಪದಗಳ ಲೆಕ್ಕದಷ್ಟೇ ಮುಖ್ಯವಾದುದು ಅವನ ಗ್ರಹಿಕೆ. ಹೆಸರು ಕರೆದರೆ ತಿರುಗುತ್ತಾನೆಯೇ, ನೀವು ಕೈ ಚಾಚದೆ ‘ಚೆಂಡು ಕೊಡು’ ಎಂದರೂ ತಂದುಕೊಡುತ್ತಾನೆಯೇ, ವಿಮಾನ ಕಂಡಾಗ ಬೆರಳು ತೋರಿಸಿ, ನೀವೂ ನೋಡಿದಿರೋ ಇಲ್ಲವೋ ಎಂದು ನಿಮ್ಮ ಮುಖದ ಕಡೆಗೆ ನೋಡುತ್ತಾನೆಯೇ ಎಂಬುದನ್ನು ಗಮನಿಸಿ. ಇವು ಕಾಣದಿದ್ದರೆ, ಅಥವಾ ಬರುತ್ತಿದ್ದ ಮಾತು ನಿಂತುಹೋದರೆ, ತಡಮಾಡದೆ ವೈದ್ಯರಿಗೆ ತೋರಿಸಿ. ಹುಟ್ಟಿದಾಗ ಕಿವಿಯ ಪರೀಕ್ಷೆ ಸರಿಯಾಗಿದ್ದರೂ ನೆಗಡಿ, ಕಿವಿಸೋಂಕಿನಿಂದ ಒಳಗೆ ನೀರು ತುಂಬಿ ಕೇಳಿಸುವುದು ಮಂದವಾಗಬಹುದಾದ್ದರಿಂದ ಅದನ್ನು ಮತ್ತೆ ಪರೀಕ್ಷಿಸಲು ಕೇಳಿ.

ಊರಿನಲ್ಲಿ ‘ಗಂಡು ಹುಡುಗ, ಮಾತು ತಡ’ ಎಂದು ಸಮಾಧಾನ ಹೇಳುತ್ತಾರೆ. ಆ ಮಾತನ್ನು ನಂಬಿ ಕಾಯುವುದು ಇಲ್ಲಿ ನಷ್ಟದ ದಾರಿ, ಏಕೆಂದರೆ ಬೆಳವಣಿಗೆ, ಮಾತು ತಡವಾದ ಮಕ್ಕಳಿಗೆ ನೆರವಾಗುವ ‘ಅರ್ಲಿ ಇಂಟರ್ವೆನ್ಷನ್’ ಎಂಬ ಸರ್ಕಾರಿ ವ್ಯವಸ್ಥೆ ಮುಖ್ಯವಾಗಿ ಮೂರು ವರ್ಷದೊಳಗಿನ ಮಕ್ಕಳಿಗಾಗಿ ಇರುವುದು. ವೈದ್ಯರ ಚೀಟಿಯಿಲ್ಲದೆ ನೀವೇ ಫೋನ್ ಮಾಡಬಹುದು, ಮೊದಲ ಮೌಲ್ಯಮಾಪನಕ್ಕೆ ಹಣ ಕೊಡಬೇಕಿಲ್ಲ, ಅದು ಸಾಮಾನ್ಯವಾಗಿ 45 ದಿನಗಳೊಳಗೆ ನಡೆಯಬೇಕು. ಮನೆಯ ಭಾಷೆಯಲ್ಲಿ ಸಾಧ್ಯವಿರುವಷ್ಟು ಪರೀಕ್ಷಿಸಬೇಕೆಂಬ ನಿಯಮವೂ ಇರುವುದರಿಂದ ಕೊಂಕಣಿ ಮತ್ತು ಕನ್ನಡ ಎಂದು ಫೋನಿನಲ್ಲೇ ಸ್ಪಷ್ಟವಾಗಿ ಹೇಳಿ.

ಮಾತು ಬರಲೆಂದು ಅತ್ತೆಯವರು ಕಳುಹಿಸಿದ ಬಜೆಯನ್ನು ತೇಯ್ದು ನಾಲಿಗೆಗೆ ಸವರಬೇಡಿ. ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ಇಲ್ಲಿ ನಿಷೇಧಿಸಲಾಗಿದೆ. ಅವರಿಗೆ ಬೇಸರವಾಗದಂತೆ ವಿಡಿಯೋ ಕರೆಯಲ್ಲಿ ಮೊಮ್ಮಗನನ್ನು ದಿನವೂ ಮಾತನಾಡಿಸಲು ಹೇಳಿ. ಪುಟ್ಟ ಮಕ್ಕಳಿಗೆ ಪರದೆ ಬೇಡವೆನ್ನುವ ಇಲ್ಲಿನ ಮಕ್ಕಳ ವೈದ್ಯರೂ ಮನೆಯವರೊಡನೆ ವಿಡಿಯೋ ಕರೆಗೆ ಅಡ್ಡಿ ಹೇಳುವುದಿಲ್ಲ.