‘ಲೆಟ್’ ಎಂದರೆ ಬಿಡುವುದೋ, ತಡೆಯುವುದೋ?

ಪ್ರಶ್ನೆ: ಪಾಸ್‌ಪೋರ್ಟ್‌ನ ಒಳಪುಟದಲ್ಲಿ ‘ವಿತೌಟ್ ಲೆಟ್ ಆರ್ ಹಿಂಡ್ರೆನ್ಸ್’ ಎಂದಿದೆ. ಲೆಟ್ ಎಂದರೆ ಬಿಡು ಎಂದಲ್ಲವೇ? ಟೆನಿಸ್‌ನ ಲೆಟ್‌ಗೂ ಇದಕ್ಕೂ ನಂಟಿದೆಯೇ?

ಉತ್ತರ: ಅಲ್ಲಿರುವುದು ಬೇರೆಯೇ ಲೆಟ್. ಹಳೆಯ ಇಂಗ್ಲಿಷಿನಲ್ಲಿ ಬಿಡುವುದಕ್ಕೊಂದು, ತಡೆಯುವುದಕ್ಕೊಂದು ಕ್ರಿಯಾಪದವಿತ್ತು. ತಡೆಯುವುದು ‘ಲೆಟ್ಟನ್’, ಇಂದಿನ ‘ಲೇಟ್’ ಪದದ ದಾಯಾದಿ. (ನಮ್ಮ ತಡ, ತಡೆಗಳ ನಂಟೂ ಇಂಥದ್ದೇ.) ಬರಬರುತ್ತಾ ಎರಡರ ಉಚ್ಚಾರವೂ ಒಂದೇ ಆಯಿತು. ಷೇಕ್ಸ್‌ಪಿಯರನ ಹ್ಯಾಮ್ಲೆಟ್, ಭೂತದ ಹಿಂದೆ ಹೋಗದಂತೆ ಹಿಡಿದವರನ್ನು ಗದರಿಸುವಾಗ ಈ ‘ತಡೆಯುವ’ ಲೆಟ್ಟನ್ನೇ ಬಳಸುತ್ತಾನೆ. ಒಂದೇ ಸದ್ದಿಗೆ ಎದುರುಬದುರು ಅರ್ಥವಿದ್ದರೆ ಒಂದು ಸೊರಗಲೇಬೇಕು; ಇದು ಸೊರಗಿ ಕಾನೂನು ಮತ್ತು ಆಟದ ಅಂಗಳದಲ್ಲಷ್ಟೇ ಉಳಿಯಿತು. ಪಾಸ್‌ಪೋರ್ಟ್‌ನ ಹಿಂದಿ ಪಾಠ ನೋಡಿ: ‘ಬಿನಾ ರೋಕ್‌ಟೋಕ್’, ಅಂದರೆ ಅಡೆತಡೆಯಿಲ್ಲದೆ. ಅನುಮಾನವೇ ಉಳಿಯುವುದಿಲ್ಲ.

ಇಂಗ್ಲಿಷ್ ಕ್ರಯಪತ್ರಗಳಲ್ಲೂ ಇದೇ ಜೋಡಿ ಕಾಣುತ್ತದೆ. ನಮ್ಮ ಪತ್ರಗಳ ‘ಯಾವುದೇ ಅಡ್ಡಿ ಆತಂಕವಿಲ್ಲದೆ’ ಅದಕ್ಕೆ ಸರಿಸಾಟಿ. ಆಡುಮಾತಿನಲ್ಲಿ ಆತಂಕವೆಂದರೆ ಕಳವಳ. ಪತ್ರದಲ್ಲಿ ಮಾತ್ರ ಇನ್ನೂ ತಡೆ. ಹಾಗಾಗಿ ಅನುವಾದಿಸುವವರು ಅಲ್ಲಿ ‘ಆಂಕ್ಸೈಟಿ’ ಎಂದು ಬರೆದರೆ ಕೆಟ್ಟಿತು.

ಟೆನಿಸ್‌ನದು ‘ನೆಟ್’ ಪದದ ಅಪಭ್ರಂಶ ಎನ್ನುವವರಿದ್ದಾರೆ. ಬಲೆಯೇ ಇಲ್ಲದ ಸ್ಕ್ವಾಷ್‌ನಲ್ಲೂ ಎದುರಾಳಿ ದಾರಿಗೆ ಅಡ್ಡ ಬಂದರೆ ‘ಲೆಟ್, ಪ್ಲೀಸ್’ ಎಂದೇ ಕೇಳುತ್ತಾರಲ್ಲ! ರೆಫರಿ ‘ಯೆಸ್ ಲೆಟ್’ ಎಂದರೆ ಮರುಆಟ, ‘ಸ್ಟ್ರೋಕ್’ ಎಂದರೆ ಕೇಳಿದವರಿಗೇ ಅಂಕ, ‘ನೋ ಲೆಟ್’ ಎಂದರೆ ಎದುರಾಳಿಗೆ. ಟೆನಿಸ್‌ನಲ್ಲಿ ಸರ್ವ್ ಬಲೆಗೆ ತಾಗಿಯೂ ಸರಿಯಾದ ಚೌಕದಲ್ಲಿ ಬಿದ್ದರೆ ಮಾತ್ರ ಲೆಟ್. ಹೊರಗೆ ಬಿದ್ದರೆ ಫಾಲ್ಟ್. ಎರಡನೇ ಸರ್ವ್ ಲೆಟ್ ಆದರೆ ಮತ್ತೆ ಸಿಗುವುದು ಎರಡನೇ ಸರ್ವ್ ಮಾತ್ರ. ಆದರೆ ಆಟದ ನಡುವೆ ಪಕ್ಕದ ಅಂಕಣದ ಚೆಂಡು ಉರುಳಿ ಬಂದು ಲೆಟ್ ಕೊಟ್ಟರೆ ಇಡೀ ಪಾಯಿಂಟನ್ನು ಮೊದಲ ಸರ್ವ್‌ನಿಂದಲೇ ಆಡಬೇಕು. ಇಲ್ಲೇ ಹೆಚ್ಚು ಜಗಳ. ಬ್ಯಾಡ್ಮಿಂಟನ್‌ನಲ್ಲಿ ಬಲೆ ಸವರಿದ ಸರ್ವ್ ಸರಿಯಾದ ಜಾಗದಲ್ಲಿ ಬಿದ್ದರೆ ಲೆಟ್ ಇಲ್ಲ, ಆಟ ಮುಂದುವರಿಯುತ್ತದೆ.

ನಿಮ್ಮ ಬರವಣಿಗೆಯಲ್ಲಿ ಇದನ್ನು ಬಿಡಿಯಾಗಿ ಬಳಸಬೇಡಿ. ‘ದೇರ್ ಈಸ್ ಎ ಲೆಟ್ ಇನ್ ಮೈ ವರ್ಕ್’ ಎಂದರೆ ಯಾರಿಗೂ ಅರ್ಥವಾಗದು. ಅಲ್ಲಿ ‘ಆಬ್ಸ್ಟಕಲ್’ ಸಾಕು. ಸಣ್ಣ ತೊಡಕಾದರೆ ‘ಹಿಚ್’. ಮನೆಗಳ ಮುಂದಿನ ‘ಟು ಲೆಟ್’ ಫಲಕದ್ದು ಮಾತ್ರ ಬಿಟ್ಟುಕೊಡುವ ಲೆಟ್, ಬಾಡಿಗೆಗೆ.